ಹಂಪಿಗೆ ಗೈಡ್ ಬೇಕಾ, ಫೋನ್ ಸಾಕಾ? ಜಾಗ ನೋಡಿ ಆರಿಸಿಕೊಳ್ಳಿ

"ಗೈಡ್ ಯಾಕೆ, ಫೋನ್ ಇದೆಯಲ್ಲ?" ಮನೆಮಂದಿಯೆಲ್ಲ ಸೇರಿ ಹಂಪಿಗೋ ಹಳೇಬೀಡಿಗೋ ಹೊರಟರೆ ಗಾಡಿ ನಿಲ್ಲಿಸುವ ಜಾಗದಲ್ಲಿ ಈ ಮಾತು ಬಂದೇ ಬರುತ್ತದೆ. ಒಬ್ಬರು ದುಡ್ಡಿನ ಲೆಕ್ಕ ಹೇಳುತ್ತಾರೆ. ಇನ್ನೊಬ್ಬರು "ಯೂಟ್ಯೂಬಲ್ಲಿ ಎಲ್ಲ ನೋಡಿಕೊಂಡು ಬಂದಿದ್ದೀನಿ" ಅನ್ನುತ್ತಾರೆ. ದೊಡ್ಡವರು ಮಾತ್ರ "ಯಾರಾದರೂ ಹೇಳೋರು ಇದ್ದರೆ ಚೆನ್ನಾಗಿರುತ್ತಪ್ಪ" ಅಂತ ಮೆಲ್ಲಗೆ ಸೇರಿಸುತ್ತಾರೆ. ಮೂವರ ಮಾತಲ್ಲೂ ಹುರುಳಿದೆ.

ಹದಿನೈದು ಇಪ್ಪತ್ತು ವರ್ಷದ ಹಿಂದೆ ಈ ಚರ್ಚೆಯೇ ಇರಲಿಲ್ಲ. ಗೈಡ್ ಹೇಳಿದ್ದೇ ಇತಿಹಾಸ. ಇಸವಿ, ರಾಜನ ಹೆಸರು, ಯುದ್ಧ ಎಲ್ಲವೂ ಅವರ ಬಾಯಲ್ಲೇ ಇತ್ತು. ವಿಜಯನಗರ ಶುರುವಾದದ್ದು 1336ರಲ್ಲಿ, ರಾಜಧಾನಿ ಹಾಳಾದದ್ದು 1565ರ ಯುದ್ಧದ ನಂತರ, ಹಂಪಿ ಯುನೆಸ್ಕೊ ಪಟ್ಟಿಗೆ ಸೇರಿದ್ದು 1986ರಲ್ಲಿ. ಇಷ್ಟನ್ನು ತಿಳಿಯಲು ಈಗ ಯಾರಿಗೂ ದುಡ್ಡು ಕೊಡಬೇಕಿಲ್ಲ. ಹಾಗಾದರೆ ಗೈಡ್‌ಗೆ ಕೊಡುವ ದುಡ್ಡು ಯಾವುದಕ್ಕೆ? ಎಲ್ಲಿ ನೋಡಬೇಕು ಎಂದು ತೋರಿಸುವುದಕ್ಕೆ, ಮತ್ತೆ ಯಾವುದನ್ನು ಬಿಡಬಹುದು ಎಂದು ಹೇಳುವುದಕ್ಕೆ. ಈ ಎರಡು ಕೆಲಸ ನಿಮಗೆ ಬೇಕಾ ಬೇಡವಾ ಅನ್ನುವುದು ನೀವು ಹೋಗುತ್ತಿರುವ ಜಾಗದ ಮೇಲೆ, ಜೊತೆಗೆ ಬರುವವರ ಮೇಲೆ ನಿಂತಿದೆ. ಗೈಡ್ ಮೇಲೋ ಆಪ್ ಮೇಲೋ ಎಂದು ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ.

ಹಂಪಿಯನ್ನೇ ಮುಖ್ಯ ಉದಾಹರಣೆ ಮಾಡಿಕೊಂಡು ಒಂದೊಂದಾಗಿ ನೋಡೋಣ. ಬೇರೆ ಊರುಗಳ ಮಾತು ಆಮೇಲೆ.

ಬ್ಯಾಡ್ಜ್ ಇರುವ, ಅಂದರೆ ಸರ್ಕಾರದ ಮಾನ್ಯತೆ ಇರುವ ಗೈಡ್

ವಿಠಲ ದೇವಸ್ಥಾನದ ಕಲ್ಲಿನ ರಥ ಎಲ್ಲರಿಗೂ ಗೊತ್ತು. ಐವತ್ತು ರೂಪಾಯಿ ನೋಟಿನ ಮೇಲಿದೆ. ನೋಟನ್ನು ಎತ್ತಿ ಹಿಡಿದು ಅದರ ಪಕ್ಕ ರಥ ಬರುವಂತೆ ಫೋಟೊ ತೆಗೆಸಿಕೊಳ್ಳುವುದು ಈಗ ಅಲ್ಲಿನ ಶಾಸ್ತ್ರವೇ ಆಗಿಬಿಟ್ಟಿದೆ. ಫೋಟೊ ಆದಮೇಲೆ ಮುಂದಕ್ಕೆ ನಡೆಯುತ್ತೇವೆ. ಒಳ್ಳೆಯ ಗೈಡ್ ಜೊತೆಗಿದ್ದರೆ ಅಲ್ಲೇ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತಾರೆ: ರಥ ಎಳೆಯುತ್ತಿರುವುದು ಆನೆಗಳಾ? ಹೌದು ಅನ್ನುತ್ತೀರಿ. ಆಗ ಆನೆಗಳ ಹಿಂದೆ ಬಗ್ಗಿ ನೋಡಿ ಅನ್ನುತ್ತಾರೆ. ಅಲ್ಲಿ ಕುದುರೆಯ ಹಿಂಗಾಲು, ಬಾಲದ ಗುರುತು ಇದೆ. ಮೊದಲು ಅಲ್ಲಿದ್ದದ್ದು ಕುದುರೆಗಳು. ಆನೆಗಳನ್ನು ಆಮೇಲೆ ತಂದು ಇಟ್ಟದ್ದು. ರಥವೂ ನಿಜಕ್ಕೂ ರಥವಲ್ಲ, ಗರುಡನ ಗುಡಿ. ಅದರ ಮೇಲೆ ಇಟ್ಟಿಗೆಯ ಶಿಖರವೂ ಇತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಅಧಿಕಾರಿ ಹಂಪಿಯಲ್ಲಿ ತೆಗೆದ ಫೋಟೊಗಳಲ್ಲಿ ಆ ಶಿಖರ ಕಾಣುತ್ತದೆ.

ಇಲ್ಲೇ ನೋಡಿ ಕಾಲ ಬದಲಾದದ್ದು. ಆ ಹಳೆಯ ಫೋಟೊವನ್ನು ಫೋನಿನಲ್ಲಿ ಇಟ್ಟುಕೊಂಡು, ರಥದ ಮುಂದೆ ಹಿಡಿದು "ಆಗ ಹೀಗಿತ್ತು, ಈಗ ಹೀಗಿದೆ" ಎಂದು ತೋರಿಸುವ ಗೈಡ್ ಸಿಕ್ಕರೆ ಬಿಡಬೇಡಿ. ಫೋನ್ ನಮ್ಮ ಹೊಟ್ಟೆಯ ಮೇಲೆ ಕಲ್ಲು ಹಾಕಿತು ಎಂದು ಗೊಣಗುವವರಿಗಿಂತ ಅದನ್ನೇ ಕೈಯಲ್ಲಿ ಹಿಡಿದು ಕೆಲಸ ಮಾಡುವವರು ಬೇರೆ ಮಟ್ಟದವರು.

ವಿರೂಪಾಕ್ಷ ದೇವಸ್ಥಾನದಲ್ಲೂ ಅಷ್ಟೆ. ದೊಡ್ಡ ಗೋಪುರದ ನೆರಳು ಒಳಗಿನ ಒಂದು ಕತ್ತಲೆ ಕೋಣೆಯ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಸಣ್ಣ ಕಿಂಡಿಯಿಂದ ಬರುವ ಬೆಳಕಿನ ಆಟ, ಪಿನ್‌ಹೋಲ್ ಕ್ಯಾಮೆರಾ ಇದ್ದ ಹಾಗೆ. ಈ ವಿಷಯ ಇಂಟರ್ನೆಟ್‌ನಲ್ಲಿ ಬೇಕಾದಷ್ಟಿದೆ. ಆದರೆ ಆ ಕೋಣೆ ಯಾವ ಮೂಲೆಯಲ್ಲಿದೆ ಅಂತ ಹುಡುಕಿಕೊಂಡು ಹೋಗುವಷ್ಟರಲ್ಲಿ ಮನೆಯವರ ತಾಳ್ಮೆ ಮುಗಿದಿರುತ್ತದೆ. ರಂಗಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರ ಮೆರವಣಿಗೆಯ ಚಿತ್ರವಿದೆ. ತಲೆ ಎತ್ತಿ ನೋಡಿ ಎಂದು ಯಾರಾದರೂ ಹೇಳದಿದ್ದರೆ ಮುಕ್ಕಾಲು ಪಾಲು ಜನ ಅದರ ಕೆಳಗೇ ನಡೆದು ಹೋಗುತ್ತಾರೆ.

ಹಜಾರರಾಮ ದೇವಸ್ಥಾನ ಇನ್ನೊಂದು. ಗುಡಿಯ ಹೊರಗೋಡೆಯಲ್ಲಿ ರಾಮಾಯಣ ಮೂರು ಸಾಲಾಗಿ ಕೆತ್ತಿದೆ. ಒಂದು ಸಾಲು ನೋಡಲು ಒಂದು ಪ್ರದಕ್ಷಿಣೆ. ಕಥೆ ಎಲ್ಲಿ ಶುರು, ಎಲ್ಲಿ ಮೇಲಿನ ಸಾಲಿಗೆ ಹೋಗಬೇಕು ಎಂದು ಗೊತ್ತಿಲ್ಲದಿದ್ದರೆ ಅದು ಬರೀ ಬೊಂಬೆಗಳ ಸಾಲು. ಪ್ರಾಕಾರದ ಹೊರಗೋಡೆಯಲ್ಲಿ ಆನೆ, ಕುದುರೆ, ಸೈನಿಕರು, ಕುಣಿಯುವ ಹೆಂಗಸರು. ಮಹಾನವಮಿ ದಿಬ್ಬದ ಕೆತ್ತನೆಗಳಲ್ಲಿ ಒಂಟೆಗಳೂ ಹೊರದೇಶದವರೂ ಇದ್ದಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ 1980ರ ದಶಕದ ಅಗೆತದಲ್ಲಿ ಸಿಕ್ಕ ಮೆಟ್ಟಿಲು ಪುಷ್ಕರಣಿ. ಅದರ ಕಲ್ಲುಗಳ ಮೇಲೆ ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಅನ್ನುವ ಗುರುತುಗಳಿವೆ. ಆಗಿನ ಕೆಲಸಗಾರರು ಜೋಡಿಸುವಾಗ ತಪ್ಪಾಗದಿರಲಿ ಎಂದು ಹಾಕಿಕೊಂಡದ್ದು. ಮಕ್ಕಳಿಗೆ ಇಡೀ ಹಂಪಿಯಲ್ಲಿ ಇದು ತುಂಬ ಹಿಡಿಸುತ್ತದೆ. ಆದರೆ ಬೆರಳಿಟ್ಟು ತೋರಿಸಲು ಒಬ್ಬರು ಬೇಕು.

ಇನ್ನು ಗೈಡ್‌ಗಳ ಇನ್ನೊಂದು ಮುಖ. ಕಥೆ ಕಟ್ಟುವ ಚಾಳಿ. ವಿಠಲ ದೇವಸ್ಥಾನದಲ್ಲಿ ತಟ್ಟಿದರೆ ದನಿ ಬರುವ ಸಂಗೀತ ಕಂಬಗಳ ಒಳಗೆ ಏನಿದೆ ಎಂದು ನೋಡಲು ಬ್ರಿಟಿಷರು ಎರಡು ಕಂಬ ಕತ್ತರಿಸಿದರು ಅನ್ನುವುದನ್ನು ಹಂಪಿಗೆ ಹೋದ ಎಲ್ಲರೂ ಕೇಳಿಯೇ ಇರುತ್ತೀರಿ. ಬೇಲೂರು ಹಳೇಬೀಡಿನಲ್ಲಿ "ಆ ಕಾಲಕ್ಕೇ ಹೈ ಹೀಲ್ಸ್ ಇತ್ತು ನೋಡಿ ಸಾರ್, ಮಿನಿ ಸ್ಕರ್ಟ್ ನೋಡಿ ಮೇಡಂ" ಎಂಬ ಪಾಠ. ನಗು ಬರುತ್ತದೆ, ಒಪ್ಪಿದೆ. ಆದರೆ ಅದೇ ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಶಿಲ್ಪಿಗಳ ಹೆಸರೇ ಕೆತ್ತಿದೆ. ಜಕಣಾಚಾರಿಯ ಕಪ್ಪೆಯ ಕಥೆಯನ್ನು ಹತ್ತು ನಿಮಿಷ ಹೇಳಿ ದಾಸೋಜನ ಹೆಸರೇ ಎತ್ತದ ಗೈಡ್ ನನಗೆ ಬೇಡ. ಕಥೆಯೂ ಇರಲಿ, ಅದು ಕಥೆ ಎಂದು ಹೇಳಿ ಸಾಕು.

ಈ ವಿಷಯದಲ್ಲಿ ಫೋನ್ ಒಳ್ಳೆಯ ಕೆಲಸ ಮಾಡಿದೆ. ಗೈಡ್ ಇಸವಿ ತಪ್ಪಿದರೆ ಎಂಟನೇ ಕ್ಲಾಸಿನ ಹುಡುಗಿ ಅಲ್ಲೇ ಹುಡುಕಿ "ಅಂಕಲ್, ಇಲ್ಲಿ ಬೇರೆ ಇದೆ" ಅನ್ನುತ್ತಾಳೆ. ಹಳಬರಲ್ಲಿ ಕೆಲವರಿಗೆ ಇದು ಕಿರಿಕಿರಿ. ಹೊಸಬರು ಮಾತ್ರ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಲು ಕಲಿತಿದ್ದಾರೆ. ಮೊದಲಿಗಿಂತ ಮಾತು ಕಮ್ಮಿ, ತೋರಿಸುವುದು ಜಾಸ್ತಿ. ಬೆಳಗ್ಗೆ ಯಾವ ಕಡೆಯಿಂದ ಬೆಳಕು ಬೀಳುತ್ತದೆ, ಎಲ್ಲಿ ನಿಂತರೆ ಫೋಟೊದಲ್ಲಿ ಜನ ಬರುವುದಿಲ್ಲ, ಹೇಮಕೂಟ ಗುಡ್ಡದಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಎಷ್ಟೊತ್ತಿಗೆ ಏರಬೇಕು, ಇದೆಲ್ಲ ಈಗ ಅವರ ಕೆಲಸದ ಭಾಗ. ಅರ್ಧ ಗೈಡ್, ಅರ್ಧ ಫೋಟೊಗ್ರಾಫರ್. ಬುಕಿಂಗ್ ವಾಟ್ಸಾಪಿನಲ್ಲಿ, ದುಡ್ಡು ಯುಪಿಐನಲ್ಲಿ, ಮರ್ಯಾದೆ ಗೂಗಲ್ ರಿವ್ಯೂನಲ್ಲಿ.

ಈ ಬದಲಾವಣೆಗೆ ಕೊರೋನಾ ಕಾಲದ ಹೊಡೆತವೂ ಸೇರಿದೆ. 2020ರಲ್ಲಿ ಪ್ರವಾಸ ನಿಂತಾಗ ದಿನಗೂಲಿಯಂತೆ ದುಡಿಯುವ ಇವರಿಗೆ ಆದಾಯವೇ ಇಲ್ಲವಾಯಿತು. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮಾನ್ಯತೆ ಇರುವ ಗೈಡ್‌ಗಳಿಗೆ ಒಂದು ಲಕ್ಷ ರೂಪಾಯಿವರೆಗೆ ಸಾಲದ ಯೋಜನೆ ಪ್ರಕಟಿಸಿತು. ಕೇಂದ್ರದ ಮಾನ್ಯತೆ ಪಡೆದವರೇ 10,700 ಜನ, ಅವರ ಜೊತೆಗೆ ರಾಜ್ಯಗಳ ಮಾನ್ಯತೆ ಇರುವವರು. ಸಾಲ ಅಂದರೆ ಸಾಲವೇ, ಪುಕ್ಕಟೆ ನೆರವಲ್ಲ. ಎಷ್ಟೋ ಜನ ಬೇರೆ ಕೆಲಸ ಹಿಡಿದರು. ಇನ್ನೊಂದು ಕಡೆ, ಮನೆಯಲ್ಲೇ ಕೂತು ಆನ್‌ಲೈನ್ ಪಾಠ ಓದಿ ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವ ಕೋರ್ಸನ್ನು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2020ರಲ್ಲೇ ಶುರು ಮಾಡಿತ್ತು. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಬಿಸಿಲಲ್ಲಿ ಸುಸ್ತಾದ ಹನ್ನೆರಡು ಜನರನ್ನು ಒಟ್ಟಿಗೆ ಹಿಡಿದು ಕಥೆ ಕೇಳಿಸುವುದನ್ನು ಲ್ಯಾಪ್‌ಟಾಪ್ ಮುಂದೆ ಕಲಿಯಲು ಆಗುವುದಿಲ್ಲ, ಅಲ್ವಾ?

ಆಟೋದವರು

ಇವರನ್ನು ಯಾವ ಹೋಲಿಕೆಯಲ್ಲೂ ಯಾರೂ ಸೇರಿಸುವುದಿಲ್ಲ. ಆದರೆ ಹಂಪಿ ನೋಡಿದ ಬಹಳ ಜನಕ್ಕೆ ನಿಜವಾದ ಗೈಡ್ ಆದವರು ಆಟೋದವರೇ. ಹೊಸಪೇಟೆಯಿಂದ ಹಂಪಿ ಹದಿಮೂರು ಕಿಲೋಮೀಟರ್ ಹತ್ತಿರ. ಹಂಪಿ ಒಳಗೆ ಒಂದು ಗುಡಿಯಿಂದ ಇನ್ನೊಂದು ಗುಡಿಗೆ ನಡೆದೇ ಹೋಗುತ್ತೇವೆ ಅಂದರೆ ಬಿಸಿಲಿಗೆ ಒಂದು ದಿನದಲ್ಲಿ ಸುಸ್ತು. ಹಾಗಾಗಿ ಇಡೀ ದಿನಕ್ಕೆ ಆಟೋ ಮಾಡಿಕೊಳ್ಳುವುದು ಅಲ್ಲಿನ ರೂಢಿ.

ಆಟೋದವರಿಗೆ ಜಾಗಗಳ ಕ್ರಮ ಗೊತ್ತು. ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ, ಉಗ್ರ ನರಸಿಂಹ, ಬಡವಿಲಿಂಗ, ರಾಣಿಯ ಸ್ನಾನಗೃಹ, ಹೀಗೆ ಒಂದೊಂದೇ ಕಡೆ ಇಳಿಸಿ ಹತ್ತಿಸಿಕೊಳ್ಳುತ್ತಾರೆ. ಎಲ್ಲಿ ನೀರು, ಎಲ್ಲಿ ಶೌಚಾಲಯ, ಎಲ್ಲಿ ಊಟ ಚೆನ್ನಾಗಿದೆ, ಇದು ಯಾವ ಆಪ್‌ಗಿಂತಲೂ ಅವರಿಗೆ ಚೆನ್ನಾಗಿ ಗೊತ್ತು. ಎಷ್ಟೊತ್ತು ಎಲ್ಲಿ ಕಳೆಯಬೇಕು ಅನ್ನುವುದನ್ನೂ ನಿಮ್ಮ ಮುಖ ನೋಡಿಯೇ ಅಂದಾಜು ಮಾಡುತ್ತಾರೆ.

ಕೊರತೆ ಏನೆಂದರೆ ಅವರು ಗೇಟಿನವರೆಗೆ ಮಾತ್ರ. ಒಳಗೆ ಬಂದು ವಿವರಿಸುವುದಿಲ್ಲ. "ಇಪ್ಪತ್ತು ನಿಮಿಷದಲ್ಲಿ ಬನ್ನಿ" ಅಂದುಬಿಡುತ್ತಾರೆ. ವಿಠಲ ದೇವಸ್ಥಾನಕ್ಕೆ ಕೊನೆಯ ದೂರ ಬ್ಯಾಟರಿ ಗಾಡಿಯಲ್ಲಿ ಇಲ್ಲವೇ ನಡೆದು ಹೋಗಬೇಕು, ಗಾಡಿಗೆ ಸಾಲು ಇದ್ದರೆ ಸಮಯ ಹೋಗುತ್ತದೆ. ಆಟೋದವರ ಜೊತೆ ಹೊರಡುವ ಮೊದಲೇ "ಹಜಾರರಾಮಕ್ಕೆ ಒಂದು ಗಂಟೆ ಬೇಕು, ವಿಠಲಕ್ಕೆ ಎರಡು ಗಂಟೆ ಬೇಕು" ಎಂದು ಹೇಳಿಬಿಡಿ. ಅಂಗಡಿ, ತೆಪ್ಪ, ಯಾವುದನ್ನು ತೋರಿಸಿದರೂ ನಿಮಗೆ ಬೇಕಿದ್ದರೆ ಮಾತ್ರ ಇಳಿಯಿರಿ.

ಕಮ್ಮಿ ದುಡ್ಡಲ್ಲಿ ಜಾಸ್ತಿ ಉಪಯೋಗ ಅಂದರೆ ನನ್ನ ಓಟು ಇದಕ್ಕೇ: ದಿನಕ್ಕೆ ಆಟೋ, ಅರ್ಧ ದಿನಕ್ಕೆ ಗೈಡ್. ಗೈಡನ್ನು ಬೆಳಗ್ಗೆ ವಿಠಲ, ವಿರೂಪಾಕ್ಷ, ಹಜಾರರಾಮಕ್ಕೆ ಮಾತ್ರ ಕರೆದುಕೊಳ್ಳಿ. ಮಿಕ್ಕಿದ್ದನ್ನು ಆಟೋದವರ ಜೊತೆ ನಿಧಾನವಾಗಿ ನೋಡಿ.

ಆಡಿಯೊ ಗೈಡ್ ಮತ್ತು ಆಪ್‌ಗಳು

ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ನಂಬರ್ ಒತ್ತಿದರೆ ಕಥೆ ಹೇಳುವ ಸಾಧನ ಮೈಸೂರು ಅರಮನೆಗೆ ಬಂದು ಎಷ್ಟೋ ವರ್ಷವಾಯಿತು. ಅರಮನೆಗೆ ಇದು ಸರಿಯಾಗಿ ಒಪ್ಪುತ್ತದೆ. ಕಾರಣ ಸರಳ. ಒಳಗೆ ನಡೆಯುವ ದಾರಿ ಒಂದೇ. ಎಲ್ಲರೂ ಅದೇ ಕ್ರಮದಲ್ಲೇ ಹೋಗುತ್ತಾರೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟದ್ದು, ಹೆನ್ರಿ ಇರ್ವಿನ್ ಹೊಸದರ ನಕ್ಷೆ ಮಾಡಿದ್ದು, 1912ರಲ್ಲಿ ಮುಗಿದದ್ದು, ಇಷ್ಟನ್ನು ಯಂತ್ರ ಚೆನ್ನಾಗಿಯೇ ಹೇಳುತ್ತದೆ. ಜನಜಂಗುಳಿಯಲ್ಲಿ ಗೈಡ್ ಹಿಂದೆ ಓಡುವ ತಾಪತ್ರಯವೂ ಇಲ್ಲ.

ಕೇಂದ್ರ ಸರ್ಕಾರವೂ 2019ರಲ್ಲಿ ಆಡಿಯೊ ಓಡಿಗೋಸ್ ಎಂಬ ಹೆಸರಿನಲ್ಲಿ ದೇಶದ ಕೆಲವು ಪ್ರಮುಖ ಜಾಗಗಳಿಗೆ ಆಡಿಯೊ ಗೈಡ್ ಆಪ್ ತಂದಿತ್ತು. ಖಾಸಗಿಯವರ ಆಪ್‌ಗಳು ಬೇರೆ. ಕೊಳ್ಳುವ ಮೊದಲು ಕನ್ನಡ ಇದೆಯಾ ನೋಡಿ. ಇಂಗ್ಲಿಷ್, ಹಿಂದಿ ಮಾತ್ರ ಇರುವುದೇ ಜಾಸ್ತಿ. ಕನ್ನಡ ಇದ್ದರೂ ಒಂದು ಸ್ಯಾಂಪಲ್ ಕೇಳಿ. ಸುದ್ದಿ ಓದಿದ ಹಾಗೆ ಓದಿದರೆ ಐದು ನಿಮಿಷಕ್ಕೆ ಇಯರ್‌ಫೋನ್ ಕಿತ್ತಿಡುತ್ತೀರಿ.

ಹಂಪಿಯಂಥ ಬಯಲಿಗೆ ಆಪ್ ಅಷ್ಟು ಹೊಂದುವುದಿಲ್ಲ. ದಾರಿ ಒಂದಲ್ಲ, ಹತ್ತು. ಬಂಡೆಗಳ ನಡುವೆ ನೆಟ್‌ವರ್ಕ್ ಕೈಕೊಡುವುದುಂಟು. ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಮ್ಯಾಪನ್ನೂ ಆಫ್‌ಲೈನ್ ಇಟ್ಟುಕೊಳ್ಳಿ, ಪವರ್ ಬ್ಯಾಂಕ್ ಮರೆಯಬೇಡಿ. ಒಂದು ಕಡೆ ಮಾತ್ರ ಆಪ್ ನಿಜಕ್ಕೂ ಚೆಂದ: ವಿಠಲ ದೇವಸ್ಥಾನದಿಂದ ವಿರೂಪಾಕ್ಷದ ಕಡೆಗೆ ಹೊಳೆ ದಂಡೆಯಲ್ಲಿ ನಡೆಯುವ ದಾರಿ. ತುಲಾಭಾರದ ಕಂಬ, ಅಚ್ಯುತರಾಯ ದೇವಸ್ಥಾನದ ಬೀದಿ, ಕೋದಂಡರಾಮ, ಒಂದಾದ ಮೇಲೊಂದು ಬರುತ್ತವೆ. ಒಬ್ಬರೇ ನಡೆಯುವವರಿಗೆ ಕಿವಿಯಲ್ಲಿ ಒಂದು ದನಿ ಇದ್ದರೆ ಸಾಕು.

ಆಪ್‌ಗೆ ಇನ್ನೊಂದು ಕೊರತೆ ಇದೆ. ಅದು "ಅಲ್ಲಿ ಹತ್ತಬೇಡಿ" ಅನ್ನುವುದಿಲ್ಲ. 2019ರಲ್ಲಿ ಕೆಲವು ಹುಡುಗರು ಹಂಪಿಯಲ್ಲಿ ಕಂಬ ಉರುಳಿಸಿದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತಲ್ಲ? ಆ ವಿಡಿಯೊದಿಂದಲೇ ಸಿಕ್ಕಿಬಿದ್ದರು. ಕೋರ್ಟ್ ತಲಾ ಎಪ್ಪತ್ತು ಸಾವಿರ ದಂಡ ಹಾಕಿ, ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. ಸಂಗೀತ ಕಂಬಗಳನ್ನು ತಟ್ಟುವುದನ್ನೂ ನಿಲ್ಲಿಸಿದ್ದಾರೆ. ಜೊತೆಗೆ ಸ್ಥಳೀಯರೊಬ್ಬರು ಇದ್ದರೆ ಹದಿಹರೆಯದ ಮಕ್ಕಳ ಕೈ ತಾನಾಗಿ ಸುಮ್ಮನಿರುತ್ತದೆ.

ಯೂಟ್ಯೂಬ್

ಹೊರಡುವ ಹಿಂದಿನ ವಾರ ನೋಡಿ, ಜಾಗದಲ್ಲಿ ನೋಡಬೇಡಿ. ಅಷ್ಟೇ ಹೇಳುವುದು. ಕನ್ನಡದಲ್ಲಿ ಈಗ ಒಳ್ಳೊಳ್ಳೆಯ ವಿಡಿಯೊಗಳಿವೆ, ದಾರಿ, ಪಾರ್ಕಿಂಗ್, ಊಟದ ಮಾಹಿತಿಗೆ ಬೇರೆ ಏನೂ ಬೇಡ. "ಯಾರಿಗೂ ಗೊತ್ತಿಲ್ಲದ ರಹಸ್ಯ" ಎಂಬ ತಲೆಬರಹ ಇದ್ದರೆ ಮುಂದಕ್ಕೆ ಸರಿಸಿ. ಡ್ರೋನ್ ದೃಶ್ಯ ನೋಡಿ ನಿಮ್ಮ ಡ್ರೋನ್ ಚೀಲಕ್ಕೆ ಹಾಕಿಕೊಳ್ಳಬೇಡಿ, ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಎಐ ಚಾಟ್‌ಬಾಟ್

ಈಗಿನ ಹೊಸ ಗೈಡ್ ಇದು. ಕೇಳಿದ್ದಕ್ಕೆಲ್ಲ ಉತ್ತರ, ಬೇಸರವೇ ಇಲ್ಲ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತದೆ. ಮಕ್ಕಳು "ಯಾಕೆ, ಯಾಕೆ" ಎಂದು ಹತ್ತು ಸಲ ಕೇಳಿದರೂ ಸಿಟ್ಟಾಗುವುದಿಲ್ಲ. ಸಂಜೆ ರೂಮಿಗೆ ಬಂದು, ಬೆಳಗ್ಗೆ ನೋಡಿದ್ದರ ಬಗ್ಗೆ ಪ್ರಶ್ನೆ ಕೇಳಲು ಇದಕ್ಕಿಂತ ಒಳ್ಳೆಯ ಜೊತೆಗಾರ ಇಲ್ಲ. ಕೃಷ್ಣದೇವರಾಯನಿಗೂ ಅಚ್ಯುತರಾಯನಿಗೂ ಏನು ಸಂಬಂಧ, ತಾಳಿಕೋಟೆ ಯುದ್ಧದಲ್ಲಿ ಯಾರ್ಯಾರಿದ್ದರು, ವೈಷ್ಣವ ಗುಡಿಗಳು ಇಷ್ಟೊಂದು ಯಾಕೆ, ಇಂಥದ್ದಕ್ಕೆಲ್ಲ ಸರಿ.

ಎದುರಿಗಿರುವ ಕಲ್ಲಿನ ವಿಷಯಕ್ಕೆ ಬಂದರೆ ಹುಷಾರು. ಫೋಟೊ ತೋರಿಸಿ "ಇದು ಯಾರ ವಿಗ್ರಹ" ಅಂದರೆ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳಬಲ್ಲದು. ಮುಖ್ಯ ತೊಂದರೆ ಇನ್ನೊಂದು. ಜನ ಹೇಳುವ ಕಥೆ ಯಾವುದು, ಶಾಸನದಲ್ಲಿರುವುದು ಯಾವುದು ಅನ್ನುವ ಗೆರೆಯನ್ನು ಅದು ತಾನಾಗಿ ಎಳೆಯುವುದಿಲ್ಲ. ಉದಾಹರಣೆಗೆ ಕಮಲ ಮಹಲು, ರಾಣಿಯ ಸ್ನಾನಗೃಹ ಎಂಬ ಹೆಸರುಗಳು ಆಮೇಲಿನ ಕಾಲದವು. ಅಲ್ಲಿ ರಾಣಿಯೇ ಸ್ನಾನ ಮಾಡುತ್ತಿದ್ದಳು ಎಂಬುದಕ್ಕೆ ಆಧಾರ ಏನು ಎಂದು ನೀವು ಕೇಳದಿದ್ದರೆ, ನೀರಿಗೆ ಬಿದ್ದ ಗುಲಾಬಿ ಎಸಳಿನವರೆಗೂ ವರ್ಣನೆ ಮಾಡಿಬಿಡುತ್ತದೆ. ಗೈಡ್‌ಗಳದ್ದೇ ಚಾಳಿ, ಆದರೆ ಗೈಡ್‌ನ ಕಣ್ಣು ನೋಡಿ ಕಥೆ ಕಟ್ಟುತ್ತಿದ್ದಾರೆ ಎಂದು ತಿಳಿಯಬಹುದು.

ಹಾಗಾಗಿ ಮೊದಲು ಉತ್ತರ ಗೊತ್ತಿರುವ ಒಂದು ಪ್ರಶ್ನೆ ಹಾಕಿ ಪರೀಕ್ಷೆ ಮಾಡಿ. ಉಗ್ರ ನರಸಿಂಹನ ಬಗ್ಗೆಯೇ ಕೇಳಿ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಕಡೆದ ಈ ಮೂರ್ತಿ ಮೊದಲು ಲಕ್ಷ್ಮೀ ನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋಗಿದ್ದಾಳೆ, ಅವಳ ಕೈ ಮಾತ್ರ ಅವನ ಬೆನ್ನ ಮೇಲೆ ಉಳಿದಿದೆ. ಮೊಣಕಾಲುಗಳನ್ನು ಸುತ್ತಿದ ಪಟ್ಟಿ ದುರಸ್ತಿಯ ಸಮಯದಲ್ಲಿ ಸೇರಿಸಿದ್ದು. ಇಷ್ಟು ಹೇಳಿದರೆ ಪರವಾಗಿಲ್ಲ. "ಉಗ್ರ" ಎಂದು ಹಿಡಿದುಕೊಂಡು ಹಿರಣ್ಯಕಶಿಪುವಿನ ಕಥೆಗೆ ಓಡಿದರೆ ಮಿಕ್ಕ ಉತ್ತರಗಳನ್ನೂ ಅದೇ ತಕ್ಕಡಿಯಲ್ಲಿ ತೂಗಿ.

ಶಾಸನದ ಫೋಟೊ ತೆಗೆದು ಓದಿಸುವ ಆಸೆ ಎಲ್ಲರಿಗೂ ಇರುತ್ತದೆ. ಹಳಗನ್ನಡ ಲಿಪಿಗೆ ಸಾಮಾನ್ಯ ಚಾಟ್‌ಬಾಟನ್ನು ನಂಬಬೇಡಿ. ಈ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿರುವವರು ಬೇರೆ ಇದ್ದಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಸುತ್ತಮುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ಅಕ್ಷರ ಭಂಡಾರ ಎಂಬ ತಂತ್ರಾಂಶದಲ್ಲಿ ಇಡುತ್ತಿದೆ. ಕಣ್ಣಿಗೆ ಸವೆದಂತೆ ಕಾಣುವ ಅಕ್ಷರ ಸ್ಕ್ಯಾನಿನಲ್ಲಿ ಎದ್ದು ಬರುತ್ತದೆ. ಡಿಜಿಟಲ್ ಅಂದರೆ ಬರೀ ರೀಲ್ಸ್ ಅಲ್ಲ ಎನ್ನುವುದಕ್ಕೆ ಇದು ನನಗೆ ತುಂಬ ಇಷ್ಟದ ಉದಾಹರಣೆ.

ಊರಿಗೊಂದು ಲೆಕ್ಕ

ಹಳೇಬೀಡು: ಗೈಡ್ ಬೇಕೇ ಬೇಕು. ಎರಡನೇ ಮಾತಿಲ್ಲ. ಹೊಯ್ಸಳೇಶ್ವರದ ಗೋಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಅದರ ಮೇಲೆ ಪುರಾಣದ ಕಥೆಗಳು, ಮಕರ, ಹಂಸ. ಅದರ ಮೇಲೆ ದೊಡ್ಡ ಮೂರ್ತಿಗಳು. ಕಣ್ಣು ಎಲ್ಲಿ ನಿಲ್ಲಿಸಬೇಕು ಅಂತಲೇ ತಿಳಿಯುವುದಿಲ್ಲ. ಅಭಿಮನ್ಯುವಿನ ಚಕ್ರವ್ಯೂಹ ಒಂದು ಅಂಗೈಯಗಲದ ಕಲ್ಲಿನಲ್ಲಿದೆ ಅನ್ನುವಷ್ಟು ಚಿಕ್ಕದು. ರಾವಣ ಕೈಲಾಸ ಎತ್ತುವ ಶಿಲ್ಪದಲ್ಲಿ ಬೆಟ್ಟದ ಮೇಲಿನ ಪ್ರಾಣಿ ಪಕ್ಷಿಗಳನ್ನು ನೋಡಲೇ ಹತ್ತು ನಿಮಿಷ ಬೇಕು. ಫೋನ್ ನೋಡುತ್ತಾ ತಲೆ ಬಗ್ಗಿಸಿದರೆ ಗೋಡೆ ತಪ್ಪುತ್ತದೆ, ಗೋಡೆ ನೋಡಿದರೆ ಫೋನ್ ತಪ್ಪುತ್ತದೆ. ಬೇಲೂರಿಗೂ ಇದೇ ಮಾತು. ಒಳಗೆ ಕತ್ತಲೆ, ಟಾರ್ಚ್ ಹಿಡಿದು ಚಾವಣಿಯನ್ನೂ ಮದನಿಕೆಗಳನ್ನೂ ತೋರಿಸುವ ಕೈ ಬೇಕು.

ಸೋಮನಾಥಪುರ ಮಾತ್ರ ಬೇರೆ. 2023ರಲ್ಲಿ ಮೂರೂ ಒಟ್ಟಿಗೆ ಯುನೆಸ್ಕೊ ಪಟ್ಟಿಗೆ ಸೇರಿದವು, ಆದರೆ ನೋಡುವ ಬಗೆ ಒಂದೇ ಅಲ್ಲ. 1268ರ ಈ ಗುಡಿ ಚಿಕ್ಕದು, ಅಚ್ಚುಕಟ್ಟು, ಮೂರು ಗರ್ಭಗುಡಿ. ಹಳೇಬೀಡನ್ನು ಮೊದಲು ಗೈಡ್ ಜೊತೆ ನೋಡಿದವರು ಇಲ್ಲಿ ತಾವೇ ಓದಿಕೊಳ್ಳಬಹುದು. ಮೂರ್ತಿಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮನ ಹೆಸರು ಹುಡುಕುವ ಆಟ ಆಡಿ, ಮಕ್ಕಳು ಒಂದು ಗಂಟೆ ಸುಮ್ಮನಿರುತ್ತಾರೆ.

ಬಾದಾಮಿಯ ಗುಹೆಗಳು ಸಾಲಾಗಿ ನಾಲ್ಕು. ಒಂದು ಶಿವನದು, ಎರಡು ವಿಷ್ಣುವಿನವು, ಒಂದು ಜೈನರದು. ಹದಿನೆಂಟು ಕೈಯ ನಟರಾಜ ಮೊದಲ ಗುಹೆಯ ಬಾಗಿಲಲ್ಲೇ ಇದ್ದಾನೆ. ಮೂರನೇ ಗುಹೆಯಲ್ಲಿ 578ರ ಮಂಗಳೇಶನ ಶಾಸನವಿದೆ. ಒಂದು ಒಳ್ಳೆಯ ಆಡಿಯೊ ಅಥವಾ ಮೊದಲೇ ಓದಿಕೊಂಡು ಹೋದರೆ ಸಾಕು, ಕೋತಿಗಳಿಂದ ಫೋನ್ ಕಾಪಾಡಿಕೊಳ್ಳುವುದೊಂದೇ ಕೆಲಸ. ಪಟ್ಟದಕಲ್ಲೂ ಒಂದೇ ಆವರಣ, ಆರಾಮವಾಗಿ ಸುತ್ತಬಹುದು. ಐಹೊಳೆಗೆ ಬಂದರೆ ಮತ್ತೆ ಗೈಡ್. ನೂರಕ್ಕೂ ಹೆಚ್ಚು ಗುಡಿಗಳು ಊರಿನ ಮನೆಗಳ ನಡುವೆ ಚೆಲ್ಲಿಕೊಂಡಿವೆ. ಇಮ್ಮಡಿ ಪುಲಕೇಶಿಯನ್ನು ಹೊಗಳಿದ ರವಿಕೀರ್ತಿಯ 634ರ ಶಾಸನ ಮೇಗುಟಿ ಗುಡ್ಡದ ಮೇಲಿನ ಜಿನಾಲಯದ ಗೋಡೆಯಲ್ಲಿದೆ. ಶಾಲೆಯಲ್ಲಿ ಓದಿದ್ದೇ. ಆದರೆ ಗುಡ್ಡ ಹತ್ತದೆ ವಾಪಸ್ ಬರುವವರೇ ಜಾಸ್ತಿ, ಹೇಳುವವರು ಇಲ್ಲದ್ದಕ್ಕೆ.

ಬೆಂಗಳೂರಿನಲ್ಲೇ ಇರುವವರಿಗೆ ಹೆರಿಟೇಜ್ ವಾಕ್‌ಗಳಿವೆ. ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್‌ನಂಥ ಸಂಸ್ಥೆಗಳು ಹಳೆಯ ಪೇಟೆ, ಬಸವನಗುಡಿ ಕಡೆ ನಡೆಸುತ್ತವೆ. ಇಲ್ಲಿ ಮಾತಾಡುವವರು ಆ ಬೀದಿಯನ್ನೇ ಓದಿಕೊಂಡವರು, ಹೊಟ್ಟೆಪಾಡಿಗೆ ಮಾಡುವವರಲ್ಲ. ಅದೇ ಅದರ ಶಕ್ತಿ. ಇಂಗ್ಲಿಷಿನಲ್ಲೇ ನಡೆಯುವುದು ಜಾಸ್ತಿ ಅನ್ನುವುದು ನನ್ನ ದೂರು.

ಜೊತೆಗೆ ಯಾರಿದ್ದಾರೆ

ಅಪ್ಪ ಅಮ್ಮನಂಥ ದೊಡ್ಡವರು ಇದ್ದರೆ ಬೇರೆ ಯೋಚನೆಯೇ ಬೇಡ, ಗೈಡ್ ಮಾಡಿಕೊಳ್ಳಿ. ಅವರಿಗೆ ಇಯರ್‌ಫೋನ್ ಹಿಡಿಸುವುದಿಲ್ಲ. ಎಲ್ಲಿ ಕೂರಬಹುದು, ಯಾವ ಮೆಟ್ಟಿಲು ಬಿಡಬಹುದು ಎಂದು ಗೈಡ್‌ಗೆ ಗೊತ್ತಿರುತ್ತದೆ. ಅಷ್ಟೇ ಅಲ್ಲ, ಅವರಿಗೆ ಮಾತಾಡಲು ಒಬ್ಬರು ಸಿಗುತ್ತಾರೆ. "ಯಾವೂರಪ್ಪ ನಿಂದು, ಎಷ್ಟು ಮಕ್ಕಳು" ಎಂಬಲ್ಲಿಂದ ಶುರುವಾಗಿ ಊಟದ ಹೊತ್ತಿಗೆ ನೆಂಟಸ್ತನ ಬೆಳೆದಿರುತ್ತದೆ.

ಅಮೆರಿಕದಿಂದಲೋ ದುಬೈನಿಂದಲೋ ರಜೆಗೆ ಬಂದ ಮಕ್ಕಳಿದ್ದರೆ ಸಮಸ್ಯೆ ಬೇರೆ. ಮನೆಯಲ್ಲಿ ಕನ್ನಡ ಆಡುತ್ತಾರೆ, ಆದರೆ ಗೈಡ್‌ನ ಪುಸ್ತಕದ ಕನ್ನಡ ತಲೆಗೆ ಹೋಗುವುದಿಲ್ಲ. ಹೀಗಿದ್ದಾಗ ಗೈಡ್‌ಗೆ ಮೊದಲೇ ಹೇಳಿ: "ಮಾಮೂಲಿ ಮಾತಲ್ಲಿ ಹೇಳಿ, ಮಧ್ಯೆ ಇಂಗ್ಲಿಷ್ ಬಂದರೂ ಪರವಾಗಿಲ್ಲ." ಹಂಪಿಯ ಗೈಡ್‌ಗಳಲ್ಲಿ ವಿದೇಶಿ ಪ್ರವಾಸಿಗಳಿಗಾಗಿ ಫ್ರೆಂಚ್, ಸ್ಪ್ಯಾನಿಷ್ ಕಲಿತವರೇ ಇದ್ದಾರೆ, ಇಷ್ಟು ದೊಡ್ಡ ವಿಷಯವಲ್ಲ.

ಒಬ್ಬರೇ ಹೋಗುವವರು, ಎರಡನೇ ಸಲ ಹೋಗುವವರು, ಕ್ಯಾಮೆರಾ ಹಿಡಿದು ಒಂದೇ ಕಂಬದ ಮುಂದೆ ಅರ್ಧ ದಿನ ಕೂರುವವರು ಗೈಡ್ ಬಿಡಬಹುದು. ಇಂಥವರ ಜೊತೆ ಗೈಡ್‌ಗೂ ಕಷ್ಟ.

ದುಡ್ಡು, ಮಾತುಕತೆ

ಗೈಡ್‌ಗೆ ಕೊಡುವುದು ತಲೆಗಿಷ್ಟು ಅಲ್ಲ, ಗುಂಪಿಗಿಷ್ಟು. ಅರ್ಧ ದಿನ,ಇಡೀ ದಿನ, ಎಷ್ಟು ಜನ ಅನ್ನುವುದರ ಮೇಲೆ ಪ್ರವಾಸೋದ್ಯಮ ಇಲಾಖೆ ದರ ನಿಗದಿ ಮಾಡಿರುತ್ತದೆ. ಇಬ್ಬರೇ ಇದ್ದರೆ ಭಾರ ಅನ್ನಿಸುತ್ತದೆ. ಎಂಟು ಜನ ಇದ್ದರೆ ಒಬ್ಬರ ಪಾಲಿಗೆ ಏನೂ ಅಲ್ಲ. ಇಬ್ಬರೇ ಇದ್ದರೆ ಗೇಟಿನ ಹತ್ತಿರ ನಿಂತ ಇನ್ನೊಂದು ಕನ್ನಡದ ಕುಟುಂಬವನ್ನು ಕೇಳಿ ನೋಡಿ, ಸೇರಿಕೊಂಡರೆ ಇಬ್ಬರಿಗೂ ಲಾಭ. ವಿದೇಶಿ ಭಾಷೆಗೆ ದರ ಬೇರೆ.

ಗುರುತಿನ ಚೀಟಿ ತೋರಿಸಿ ಅನ್ನಲು ಮುಜುಗರ ಬೇಡ. ಮಾನ್ಯತೆ ಇರುವವರು ತಾವೇ ಖುಷಿಯಿಂದ ತೋರಿಸುತ್ತಾರೆ. ದರ ಮಾತಾಡುವ ಮೊದಲು ಎರಡು ಪ್ರಶ್ನೆ ಕೇಳಿ. ಒಂದು, "ಮೂರು ಗಂಟೆಯಲ್ಲಿ ಏನೇನು ಬಿಡುತ್ತೀರಿ?" ಎಲ್ಲ ತೋರಿಸುತ್ತೇನೆ ಅನ್ನುವವರಿಗಿಂತ "ಇದನ್ನು ಬಿಡೋಣ, ಅಲ್ಲಿ ಈಗ ಬಿಸಿಲು" ಅನ್ನುವವರು ಮೇಲು. ಎರಡು, ಹಂಪಿಯಾದರೆ "ರಥದ ಮುಂದೆ ಆನೆ ಯಾಕಿದೆ?" ಕುದುರೆಯ ಬಾಲದ ಮಾತು ಬಂದರೆ ಅವರನ್ನೇ ಕರೆದುಕೊಳ್ಳಿ.

ನಂಬರ್ ತೆಗೆದುಕೊಂಡು ವಾಟ್ಸಾಪಿನಲ್ಲಿ ಹಿಂದಿನ ದಿನವೇ ಮಾತಾಡಿದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಎಷ್ಟೊತ್ತಿಗೆ, ಎಲ್ಲಿಂದ ಶುರು, ಯಾವ ಭಾಷೆ, ಎಷ್ಟು ದುಡ್ಡು, ಎಲ್ಲ ಬರೆದುಕೊಂಡಂತಾಗುತ್ತದೆ. ವಿಠಲ ದೇವಸ್ಥಾನದಲ್ಲಿ ಕೊಂಡ ಟಿಕೆಟ್ ಎಸೆಯಬೇಡಿ, ಅದೇ ದಿನ ಕಮಲ ಮಹಲು ಇರುವ ಜನಾನಾ ಆವರಣಕ್ಕೂ ಅದೇ ನಡೆಯುತ್ತದೆ. ಕೆಲಸ ಹಿಡಿಸಿದರೆ ರಿವ್ಯೂ ಬರೆಯಿರಿ. ಬರೀ ಐದು ನಕ್ಷತ್ರ ಒತ್ತಿ ಸುಮ್ಮನಾಗಬೇಡಿ, ಏನು ತೋರಿಸಿದರು ಎಂದು ಎರಡು ಸಾಲು ಕನ್ನಡದಲ್ಲಿ ಬರೆಯಿರಿ. ಮುಂದಿನ ವಾರ ಹೋಗುವ ಇನ್ನೊಬ್ಬರು ಕನ್ನಡದ ಗೈಡ್ ಹುಡುಕುವಾಗ ಸಿಗುವುದು ಆ ಎರಡು ಸಾಲೇ.